ಕಸುವಿನ ಸೂಜಿ ಕೊಡುವುದೇನು, ಕಸಿಯುವುದೇನು?

ಹೋರಿಗೆ ಬೀಜ ಒಡೆಸಿದರೆ ಏನಾಗುತ್ತದೆ ಎಂಬುದನ್ನು ರೈತನಿಗೆ ಯಾವ ವೈದ್ಯರೂ ಹೇಳಿಕೊಡಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಿರಲಿ, ಸೂಳೆಕೆರೆ ಸೀಮೆಯ ಬೇರಾವ ಊರೇ ಇರಲಿ, ಟ್ರ್ಯಾಕ್ಟರ್ ಬರುವ ಮೊದಲು ಎತ್ತು ಕಟ್ಟಿ ಉತ್ತವರಿಗೆಲ್ಲ ಇದು ಕಣ್ಣಾರೆ ಕಂಡ ಸಂಗತಿ. ಕಂಡವರ ಮೇಲೆ ಏರಿಹೋಗುತ್ತಿದ್ದ ಹೋರಿ ಕೆಲವು ತಿಂಗಳಲ್ಲಿ ನೊಗಕ್ಕೆ ಕೊರಳು ಕೊಡುವ ಸಾಧು ಎತ್ತಾಗುತ್ತದೆ. ಹಿಣಿಲು ಇಳಿಯುತ್ತದೆ, ಕತ್ತಿನ ದಪ್ಪ ಕರಗುತ್ತದೆ, ಹಸುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೋರಿಯನ್ನು ಹೋರಿಯಾಗಿಸುವ ವಸ್ತು ಬೀಜದಲ್ಲೇ ಇದೆ ಎಂಬ ತೀರ್ಮಾನಕ್ಕೆ ನಮ್ಮ ಹಿರಿಯರು ಪ್ರಯೋಗಾಲಯದ ಹಂಗಿಲ್ಲದೆ ಬಂದಿದ್ದರು.

ಆ ವಸ್ತುವಿನ ಹೆಸರು ಟೆಸ್ಟೋಸ್ಟೆರೋನ್. ವಯಸ್ಕ ಗಂಡಸಿನ ದೇಹ ದಿನವೊಂದಕ್ಕೆ ಇದನ್ನು ತಯಾರಿಸುವುದು ಬರೀ 5ರಿಂದ 7 ಮಿಲಿಗ್ರಾಂ, ಅಂದರೆ ಚಿಟಿಕೆ ಉಪ್ಪಿಗಿಂತಲೂ ಎಷ್ಟೋ ಕಡಿಮೆ. ಮೀಸೆ ಚಿಗುರುವುದು, ದನಿ ಒಡೆಯುವುದು, ಸ್ನಾಯು ಬಲಿಯುವುದು, ಕಾಮಾಸಕ್ತಿ ಮೂಡುವುದು ಎಲ್ಲಕ್ಕೂ ಇದರ ಅಪ್ಪಣೆ ಬೇಕು. ಮೂಳೆ ಗಟ್ಟಿಯಾಗಲು, ರಕ್ತದಲ್ಲಿ ಕೆಂಪುಕಣ ಹುಟ್ಟಲು ಕೂಡ ಇದು ನೆರವಾಗುತ್ತದೆ. ಹೀಗಿರುವಾಗ ಕಡಿಮೆಯಾದವರಿಗೆ ಹೊರಗಿನಿಂದ ತುಂಬಿಕೊಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಸೂಜಿಯಾಗಿ, ಚರ್ಮಕ್ಕೆ ಹಚ್ಚುವ ಜೆಲ್ ಆಗಿ, ಮಾತ್ರೆಯಾಗಿ ಅದು ಸಿಗುತ್ತದೆ. ದೊಡ್ಡ ನಗರಗಳಲ್ಲಿ ‘ಗಂಡಸರ ಕ್ಲಿನಿಕ್ಕು’ಗಳು ತಲೆಯೆತ್ತಿವೆ. ದಣಿವೇ, ಹೊಟ್ಟೆ ಬಂದಿದೆಯೇ, ಹೆಂಡತಿಯ ಬಳಿ ಸೋಲೇ, ಎಲ್ಲಕ್ಕೂ ಒಂದೇ ಉತ್ತರವೆಂಬ ಜಾಹೀರಾತು ಮೊಬೈಲ್ ಫೋನಿನ ಮೂಲಕ ತೋಟದ ಮನೆಗೂ ಬರುತ್ತಿದೆ.

ಉತ್ತರ ಅಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಹುಂಜ, ನಾಯಿ, ಕೋತಿ

ಕಳೆದ ಹರೆಯವನ್ನು ಮರಳಿ ತರುವ ಆಸೆ ಹಳೆಯದು. ಸುಶ್ರುತ ಸಂಹಿತೆಯ ವಾಜೀಕರಣ ಪ್ರಕರಣದಲ್ಲೇ ಹೋತದ ಬೀಜವನ್ನು ಹಾಲಿನಲ್ಲಿ ಬೇಯಿಸಿ ತಿನ್ನುವ ಕ್ರಮ ಹೇಳಿದೆ. 1849ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಬರ್ಟ್‌ಹೋಲ್ಡ್ ಎಂಬ ವಿಜ್ಞಾನಿ ಹುಂಜಗಳ ಬೀಜ ತೆಗೆದ. ಅವುಗಳ ಜುಟ್ಟು ಮುದುಡಿತು, ಕೂಗು ನಿಂತಿತು, ಜಗಳ ಮರೆತವು. ಬೀಜವನ್ನು ಹೊಟ್ಟೆಯೊಳಗೆ ಬೇರೊಂದು ಕಡೆ ಮರಳಿ ನೆಟ್ಟಾಗ ಜುಟ್ಟು ಮತ್ತೆ ಕೆಂಪಾಗಿ ನಿಂತಿತು. ನರಗಳ ಸಂಪರ್ಕವಿಲ್ಲದೆ ರಕ್ತದ ಮೂಲಕವೇ ಏನೋ ಹರಿಯುತ್ತಿದೆ ಎಂದು ಅವನು ಊಹಿಸಿದ್ದು ಸರಿಯಾಗಿತ್ತು. ಆದರೆ ಆಗ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ.

ಗಮನ ಸೆಳೆದವರು ಬ್ರೌನ್ ಸೆಕಾರ್. ನರಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ್ದ ಈ ವಿಜ್ಞಾನಿ 1889ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ಬೀಜದ ರಸವನ್ನು ತಾವೇ ಚುಚ್ಚಿಕೊಂಡು, ‘ಮೆಟ್ಟಿಲನ್ನು ಓಡಿ ಹತ್ತುವಂತಾದೆ’ ಎಂಬರ್ಥದ ವರದಿಯನ್ನು ಪ್ಯಾರಿಸ್ಸಿನ ವಿದ್ವತ್ ಸಭೆಯ ಮುಂದಿಟ್ಟರು. ಯೂರೋಪು, ಅಮೆರಿಕಗಳಲ್ಲಿ ರಸದ ವ್ಯಾಪಾರ ಜೋರಾಯಿತು. ಈ ಹಾರ್ಮೋನು ನೀರಿನಲ್ಲಿ ಕರಗುವುದೇ ಇಲ್ಲವೆಂದೂ, ಅವರ ಸೂಜಿಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಬರೀ ನಂಬಿಕೆಯೆಂದೂ ಗೊತ್ತಾದದ್ದು ಬಹಳ ತಡವಾಗಿ. 1920ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ವೊರೊನಾಫ್ ಎಂಬ ಶಸ್ತ್ರವೈದ್ಯ ಕೋತಿಯ ಬೀಜದ ಬಿಲ್ಲೆಗಳನ್ನು ಸಿರಿವಂತ ಮುದುಕರಿಗೆ ಹೊಲಿಯತೊಡಗಿದ. ಕೋತಿಗಳಿಗೂ ಸಿರಿವಂತರಿಗೂ ಇದರಿಂದ ಆದ ಪ್ರಯೋಜನ ಒಂದೇ!

ನಿಜವಾದ ವಸ್ತು ಕೈಗೆ ಸಿಕ್ಕಿದ್ದು ಬೇರೆ ದಾರಿಯಲ್ಲಿ. 1931ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಪೊಲೀಸರಿಂದ ಸಂಗ್ರಹಿಸಿದ 15,000 ಲೀಟರು ಮೂತ್ರವನ್ನು ಸೋಸಿ 15 ಮಿಲಿಗ್ರಾಂನಷ್ಟು ಗಂಡು ಹಾರ್ಮೋನು ತೆಗೆದರು. ಅದು ಟೆಸ್ಟೋಸ್ಟೆರೋನಿನ ದಾಯಾದಿ. 1935ರಲ್ಲಿ ಆಮ್‌ಸ್ಟರ್‌ಡಾಮಿನ ಲಾಕರ್ ಅವರ ತಂಡ ಹೋರಿಯ ಬೀಜದಿಂದ ಅಸಲು ವಸ್ತುವನ್ನೇ ಬೇರ್ಪಡಿಸಿ ಟೆಸ್ಟೋಸ್ಟೆರೋನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಕಾ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಬ್ಬರಿಗೂ 1939ರ ರಸಾಯನಶಾಸ್ತ್ರದ ನೊಬೆಲ್ ಬಂತು. ಬ್ಯುಟೆನಾಂಟ್ ಅದನ್ನು ಆಗ ಸ್ವೀಕರಿಸದಂತೆ ನಾಜಿ ಸರ್ಕಾರ ತಡೆಯಿತು. ಅಂದಿನಿಂದ ಈ ಔಷಧಿ ನಮ್ಮೊಡನಿದೆ. ಯಾರಿಗೆ ಕೊಡಬೇಕೆಂಬ ಜಗಳವೂ ಅಂದಿನಿಂದಲೇ ಇದೆ.

ನಿಜಕ್ಕೂ ಬೇಕಾದವರು

ಜಗಳವಿಲ್ಲದ ಭಾಗವನ್ನು ಮೊದಲು ನೋಡೋಣ. ಕೆಲವರ ದೇಹದಲ್ಲಿ ಈ ಹಾರ್ಮೋನು ತಯಾರಾಗುವುದೇ ಇಲ್ಲ, ಅಥವಾ ತೀರ ಸಾಲದು. ಅವರಿಗೆ ಇದು ಮಧುಮೇಹಿಗೆ ಇನ್ಸುಲಿನ್ ಇದ್ದಂತೆ. ಹುಟ್ಟುವಾಗಲೇ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿ ಬಂದವರ ಸ್ಥಿತಿಗೆ ಕ್ಲೈನ್‌ಫೆಲ್ಟರ್ ಎಂದು ಹೆಸರು. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆಂದು ಲೆಕ್ಕ. ಎತ್ತರದ ಆಳು, ಸಣ್ಣ ಗಟ್ಟಿ ವೃಷಣ, ವಿರಳ ಗಡ್ಡ. ಬಹುಮಂದಿಗೆ ಇದು ಗೊತ್ತಾಗುವುದೇ ಮದುವೆಯಾಗಿ ಮಕ್ಕಳಾಗದೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ. ಇನ್ನು ಕೆಲವರಿಗೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಜೊತೆಗೆ ಹದಿನೆಂಟು ತುಂಬಿದರೂ ಮೀಸೆ ಮೂಡುವುದಿಲ್ಲ. ಕಾಲ್ಮನ್ ಎಂಬ ಈ ಸ್ಥಿತಿಯಲ್ಲಿ ವೃಷಣ ಸರಿಯಾಗಿದ್ದರೂ ಅದಕ್ಕೆ ಮಿದುಳಿನಿಂದ ಆಜ್ಞೆ ಹೋಗುವುದಿಲ್ಲ. ಹರೆಯದಲ್ಲಿ ಮಂಗನಬಾವು ಬಂದು ಬೀಜಕ್ಕೂ ಇಳಿದವರು, ಪೆಟ್ಟಿನಿಂದಲೋ ಕ್ಯಾನ್ಸರಿನಿಂದಲೋ ಎರಡೂ ವೃಷಣ ಕಳೆದುಕೊಂಡವರು, ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯಾದವರು ಈ ಸಾಲಿಗೇ ಸೇರುತ್ತಾರೆ.

ಇವರಿಗೆ ಚಿಕಿತ್ಸೆ ತರುವ ಬದಲಾವಣೆ ದೊಡ್ಡದು. ಇಪ್ಪತ್ತರ ಹುಡುಗನೊಬ್ಬ ಹೆಣ್ಣುದನಿಯೆಂದು ಸಂತೆಯಲ್ಲಿ ಗೇಲಿಗೊಳಗಾಗುತ್ತ, ಮದುವೆಯ ಮಾತೆತ್ತಿದರೆ ಮನೆ ಬಿಟ್ಟು ಹೋಗುತ್ತಿದ್ದರೆ, ಅವನಿಗೆ ದನಿ, ಗಡ್ಡ, ಮೈಕಟ್ಟು, ಮೂಳೆಯ ಬಲ ಎಲ್ಲವೂ ಒಂದೆರಡು ವರ್ಷಗಳಲ್ಲಿ ಬರುತ್ತವೆ. ಇಂಥವರನ್ನು ‘ಏನೋ ದೇವರ ಶಾಪ’ ಎಂದು ಮೂಲೆಗೆ ಕೂರಿಸಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಸೂಜಿಯ ಅಪಾಯ ಹೇಳುವ ಭರದಲ್ಲಿ ಇವರನ್ನು ಮರೆಯುವುದು ನ್ಯಾಯವಲ್ಲ.

ಹಾರ್ಮೋನು ಏರುಪೇರಾಗಲು ಹೊರಗಿನ ಕಾರಣವೂ ಇರಬಹುದು ಎಂಬುದಕ್ಕೆ ಕನ್ನಡ ನೆಲದ್ದೇ ಒಂದು ದಾಖಲೆಯಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದ ಮೇಲಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಆ ಊರಿನ 117 ಗಂಡುಮಕ್ಕಳನ್ನು, ಸಿಂಪಡಣೆಯಿಲ್ಲದ ಊರಿನ 90 ಮಕ್ಕಳೊಡನೆ ಹೋಲಿಸಿ 2003ರಲ್ಲಿ ವರದಿ ಪ್ರಕಟಿಸಿತು. ಪಡ್ರೆಯ ಹುಡುಗರಲ್ಲಿ ಪ್ರೌಢತೆಯ ಗುರುತುಗಳು ತಡವಾಗಿದ್ದವು, ವಯಸ್ಸಿಗೆ ತಕ್ಕ ಟೆಸ್ಟೋಸ್ಟೆರೋನ್ ಇರಲಿಲ್ಲ. ಈ ವರದಿಯ ಬಗ್ಗೆ ವಾದವಿವಾದ ನಡೆದದ್ದುಂಟು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಾದ್ಯಂತ ನಿಲ್ಲಿಸಿತು. ಆ ಹುಡುಗರಿಗೆಲ್ಲ ಸೂಜಿ ಬೇಕಿತ್ತೆಂದು ಇದರ ಅರ್ಥವಲ್ಲ. ಅಂಕಿ ಕಡಿಮೆ ಬಂದಾಗ ಮೊದಲು ಹುಡುಕಬೇಕಾದದ್ದು ಕಾರಣವನ್ನು.

ಬೆಳಗಿನ ಬಸ್ಸು, ಖಾಲಿ ಹೊಟ್ಟೆ

ಕಡಿಮೆ ಎಂದು ತಿಳಿಯುವುದು ಹೇಗೆ? ರಕ್ತಪರೀಕ್ಷೆಯಿಂದ. ಆದರೆ ಈ ಪರೀಕ್ಷೆಗೆ ಒಂದು ಚಾಳಿಯಿದೆ. ಟೆಸ್ಟೋಸ್ಟೆರೋನ್ ಬೆಳಗಿನ ಹೊತ್ತು ಮೇಲಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಊಟ ಮಾಡಿದ ಮೇಲೂ ಇಳಿಯುತ್ತದೆ. ಕೆರೆಬಿಳಚಿಯ ರೈತನೊಬ್ಬ ಅಡಿಕೆ ತೋಟದ ಕೆಲಸ ಮುಗಿಸಿ, ಹೋಟೆಲಿನಲ್ಲಿ ತಿಂಡಿ ತಿಂದು, ದಾವಣಗೆರೆಯ ಲ್ಯಾಬೊಂದಕ್ಕೆ ಮೂರು ಗಂಟೆಗೆ ಕೈಯೊಡ್ಡಿದರೆ ಸರಿಯಾಗಿರುವವನ ಅಂಕಿಯೂ ತಗ್ಗಿ ಬರಬಹುದು. ಅವನು ಬೆಳಗಿನ ಮೊದಲ ಬಸ್ಸು ಹಿಡಿದು ಖಾಲಿ ಹೊಟ್ಟೆಯಲ್ಲಿ ಹತ್ತು ಗಂಟೆಯೊಳಗೆ ರಕ್ತ ಕೊಡಬೇಕು. ಅದೂ ಒಮ್ಮೆಯಲ್ಲ, ಬೇರೆ ಬೇರೆ ದಿನ ಎರಡು ಸಲ. ಜ್ವರವೋ ಕಾಯಿಲೆಯೋ ಇರುವಾಗ ಕೊಟ್ಟರೆ ಲೆಕ್ಕಕ್ಕಿಲ್ಲ. ಒಂದು ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗೆ ಎರಡೂ ಸಲ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನುತ್ತಾರೆ. ಕೆಲವು ತಜ್ಞರು ಇನ್ನೂ ಕೆಳಗಿನ ಗೆರೆ ಎಳೆಯುತ್ತಾರೆ. ಕಾಯಿಲೆ ವೃಷಣದ್ದೋ ಮಿದುಳಿನದೋ ತಿಳಿಯಲು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಇನ್ನೆರಡು ಹಾರ್ಮೋನುಗಳನ್ನೂ ನೋಡಬೇಕು.

ವಯಸ್ಸಾದಂತೆ ಈ ಹಾರ್ಮೋನು ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಇಳಿಯುವುದು ನಿಜ. ಹೆಂಗಸರ ಮುಟ್ಟು ನಿಲ್ಲುವ ಹಾಗೆ ಇದು ಒಮ್ಮೆಲೇ ನಿಲ್ಲುವುದಿಲ್ಲ. ಯೂರೋಪಿನಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕಿಯೂ ಕಡಿಮೆ, ಮೂರು ಲೈಂಗಿಕ ಲಕ್ಷಣಗಳೂ ಇವೆ ಎಂಬಂಥವರು ಸಿಕ್ಕಿದ್ದು ಶೇಕಡ 2.1 ಮಾತ್ರ. ನಿಮಿರುವಿಕೆಯ ತೊಂದರೆಗೆ ಹೆಚ್ಚಾಗಿ ಕಾರಣವಾಗುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಮದ್ಯ, ಕೆಲವು ಮಾತ್ರೆಗಳು. ಇವೆಲ್ಲಕ್ಕಿಂತ ಮಿಗಿಲಾಗಿ ಚಿಂತೆ! ಸಾಲ ತೀರದೆ ನಿದ್ದೆ ಬಾರದವನಿಗೆ ಸೂಜಿ ಚುಚ್ಚಿದರೆ ಸಾಲವೇನೂ ಇಳಿಯುವುದಿಲ್ಲ.

ತಕ್ಕಡಿಯ ಎರಡು ತಟ್ಟೆ

ಹಾಗಾದರೆ ಅರುವತ್ತು ದಾಟಿದ, ಅಂಕಿ ನಿಜಕ್ಕೂ ಕಡಿಮೆಯಿರುವ ಮನುಷ್ಯನಿಗೆ? ಅಮೆರಿಕದಲ್ಲಿ 65 ದಾಟಿದ 790 ಗಂಡಸರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದ ಫಲ 2016 ಮತ್ತು 2017ರಲ್ಲಿ ಹೊರಬಂತು. ಕಾಮಾಸಕ್ತಿ ಸ್ವಲ್ಪ ಹೆಚ್ಚಿತು, ಮನಸ್ಸು ತುಸು ಹಗುರಾಯಿತು. ರಕ್ತಹೀನತೆಯಿದ್ದವರಲ್ಲಿ ರಕ್ತ ಸುಧಾರಿಸಿತು, ಮೂಳೆಯ ಸಾಂದ್ರತೆ ಏರಿತು. ಆದರೆ ಜಾಹೀರಾತುಗಳು ಸಾರುವ ‘ಹುರುಪು’ ಹೇಳಿಕೊಳ್ಳುವಷ್ಟು ಬರಲಿಲ್ಲ. ನೆನಪಿನ ಶಕ್ತಿಯಂತೂ ಇದ್ದಲ್ಲೇ ಇತ್ತು. ಹೃದಯದ ರಕ್ತನಾಳಗಳಲ್ಲಿ ಜಿಡ್ಡಿನ ಪದರ ಮಾತ್ರ ಹೆಚ್ಚಾಗಿ ಕಂಡಿತು.

ಇದರಿಂದ ಎದ್ದ ಹೃದಯಾಘಾತದ ಭಯವನ್ನು ಬಗೆಹರಿಸಲೆಂದೇ 5,200ಕ್ಕೂ ಹೆಚ್ಚು ಮಂದಿಯ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಎಲ್ಲರೂ 45ರಿಂದ 80 ವರ್ಷದವರು, ಹೃದ್ರೋಗ ಇದ್ದವರು ಅಥವಾ ಬರುವ ಸಂಭವವಿದ್ದವರು. 2023ರ ವರದಿಯ ಪ್ರಕಾರ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಔಷಧಿ ಪಡೆದವರಲ್ಲಿ ಶೇ 7.0, ಬರೀ ಹುಸಿಜೆಲ್ ಹಚ್ಚಿಕೊಂಡವರಲ್ಲಿ ಶೇ 7.3. ಅಂದರೆ ಆ ಭಯ ಬಹುಮಟ್ಟಿಗೆ ಕರಗಿತು. ಆದರೆ ಎದೆಬಡಿತದ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಔಷಧಿ ಪಡೆದವರಲ್ಲೇ ಹೆಚ್ಚು. ವಿಚಿತ್ರವೆಂದರೆ ಮೂಳೆಗೆ ಒಳ್ಳೆಯದೆಂದು ನಂಬಿದ್ದ ಈ ಔಷಧಿ ಪಡೆದವರಲ್ಲಿ ಮೂಳೆಮುರಿತವೂ ಹೆಚ್ಚಿತ್ತು: ಶೇ 3.5. ಇನ್ನೊಂದು ಗುಂಪಿನಲ್ಲಿ ಅದು ಶೇ 2.5ರ ಆಸುಪಾಸು. ಸಾಂದ್ರತೆ ಏರಿದ ಮಾತ್ರಕ್ಕೆ ಮೂಳೆ ಮುರಿಯುವುದಿಲ್ಲ ಎಂದುಕೊಂಡದ್ದು ಹುಸಿಯಾಯಿತು.

ಆಸ್ಟ್ರೇಲಿಯದಲ್ಲಿ ನಡೆದ ಮತ್ತೊಂದು ಪ್ರಯೋಗವನ್ನು ನಮ್ಮವರು ಗಮನಿಸಬೇಕು. ಸೊಂಟದ ಸುತ್ತಳತೆ ಹೆಚ್ಚಿದ್ದು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಅಥವಾ ಆಗತಾನೇ ದಾಟಿದ್ದ 1,007 ಗಂಡಸರಿಗೆ ಆಹಾರ, ವ್ಯಾಯಾಮದ ಪಥ್ಯ ಹೇಳಿ, ಅರ್ಧ ಮಂದಿಗೆ ಜೊತೆಯಲ್ಲಿ ಸೂಜಿಯನ್ನೂ ಕೊಟ್ಟರು. ಎರಡು ವರ್ಷದ ನಂತರ ಸೂಜಿ ಪಡೆದವರಲ್ಲಿ ಶೇ 12, ಪಡೆಯದವರಲ್ಲಿ ಶೇ 21 ಮಂದಿ ಮಧುಮೇಹಿಗಳಾಗಿದ್ದರು. ಆಹಾ ಎನ್ನುವ ಮೊದಲು ಅದೇ ವರದಿಯ ಇನ್ನೊಂದು ಸಾಲು ನೋಡಿ. ಸೂಜಿ ಪಡೆದ ಐವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿಯ ರಕ್ತ ಅಪಾಯದ ಗೆರೆ ಮುಟ್ಟುವಷ್ಟು ಗಟ್ಟಿಯಾಗಿತ್ತು. ಕೆಂಪುಕಣ ಹುಟ್ಟಿಸುವ ಗುಣ ಅತಿಯಾದರೆ ಆಗುವುದೇ ಇದು. ಅಂಥವರು ಔಷಧಿಯ ಪ್ರಮಾಣ ಇಳಿಸಬೇಕು ಅಥವಾ ನಿಲ್ಲಿಸಬೇಕು. ಹೊಟ್ಟೆ ಕರಗಿಸಿದರೆ ಬಹುಮಂದಿಯ ಟೆಸ್ಟೋಸ್ಟೆರೋನ್ ತಾನಾಗಿಯೇ ಏರುತ್ತದೆ ಎಂಬುದು ಯಾವ ಕಂಪೆನಿಯೂ ಜಾಹೀರಾತು ಕೊಡದ ಸಂಗತಿ.

ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರು ಇರುವವರಿಗೆ ಈ ಚಿಕಿತ್ಸೆ ಸಲ್ಲದೆಂಬುದು ಸಾಮಾನ್ಯ ನಿಯಮ. ಹಾರ್ಮೋನಿನ ಪೂರೈಕೆ ಕಡಿದರೆ ಆ ಕ್ಯಾನ್ಸರು ಕುಗ್ಗುತ್ತದೆಂದು 1941ರಲ್ಲಿ ಹಗ್ಗಿನ್ಸ್ ತೋರಿಸಿಕೊಟ್ಟಿದ್ದರು. ಗೊರಕೆಯ ನಡುವೆ ಉಸಿರು ಕಟ್ಟುವವರು, ಹೃದಯ ಸೋತವರು, ಇತ್ತೀಚೆಗೆ ಹೃದಯಾಘಾತವಾದವರು ಕೂಡ ದೂರವಿರುವುದು ಕ್ಷೇಮ. ಸೂಜಿ ಶುರುವಾದ ಮೇಲೂ ಮೂರರಿಂದ ಆರು ತಿಂಗಳೊಳಗೆ ರಕ್ತದ ಗಟ್ಟಿತನ, ಪಿಎಸ್ಎ, ಹಾರ್ಮೋನಿನ ಮಟ್ಟ ನೋಡಿಸಬೇಕು. ಜೆಲ್ ಹಚ್ಚಿಕೊಂಡವರು ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದು, ಹಚ್ಚಿದ ಜಾಗ ಮುಚ್ಚಬೇಕು. ಅಪ್ಪನ ಜೆಲ್ ಸೋಂಕಿ ಎಳೆಯ ಮಕ್ಕಳಲ್ಲಿ ಅಕಾಲ ಪ್ರೌಢತೆಯ ಗುರುತು ಕಂಡದ್ದರಿಂದ 2009ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತ್ತು.

ಗೋಡೆಯ ಬರಹ, ಜಿಮ್ಮಿನ ಡಬ್ಬಿ

ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ, ನರದೌರ್ಬಲ್ಯ, ಧಾತುನಷ್ಟ’ ಎಂದು ಬರೆದದ್ದನ್ನು ಓದದೆ ದೊಡ್ಡವರಾದ ಗಂಡಸರು ನಮ್ಮಲ್ಲಿ ಇಲ್ಲ. ಮೂತ್ರದಲ್ಲಿ ಧಾತು ಹೋಗಿ ಬಲಹೀನನಾದೆ ಎಂಬ ನಂಬಿಕೆಗೆ 1960ರಲ್ಲಿ ಮನೋವೈದ್ಯ ಡಾ. ಎನ್. ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಇವರಿಗೆ ಬೇಕಾದದ್ದು ಧೈರ್ಯದ ಮಾತು, ಕೆಲವೊಮ್ಮೆ ಖಿನ್ನತೆಯ ಔಷಧಿ. ಲೈಂಗಿಕ ಶಕ್ತಿಯ ಔಷಧಿಗೆ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಗೋಡೆಗಳಿಗೆ ಮಾತ್ರ ಆ ಕಾಯಿದೆ ಇನ್ನೂ ತಲುಪಿಲ್ಲ.

ಹೊಸ ಪೀಳಿಗೆಯ ಗಿರಾಕಿಗಳು ಜಿಮ್ಮಿನಲ್ಲಿದ್ದಾರೆ. ದಾವಣಗೆರೆಯ ಗರಡಿಮನೆಗಳ ಪೈಲ್ವಾನರು ಹಾಲು, ಬಾದಾಮಿ, ದಂಡ, ಬಸ್ಕಿಯಿಂದ ವರ್ಷಾನುಗಟ್ಟಲೆ ಸಾಧಿಸುತ್ತಿದ್ದ ಮೈಯನ್ನು ಮೂರು ತಿಂಗಳಲ್ಲಿ ಪಡೆಯುವ ಆತುರ ಇವರದು. ವೈದ್ಯರು ಕೊರತೆ ತುಂಬಲು ಕೊಡುವ ಪ್ರಮಾಣದ ಹಲವು ಪಟ್ಟು ಚುಚ್ಚಿಕೊಳ್ಳುವವರಿದ್ದಾರೆ. ಇನ್ನು ಡಬ್ಬಿಯ ಮೇಲೆ ಬರೆದದ್ದೇ ಒಳಗಿದೆಯೆಂಬ ಭರವಸೆಯೂ ಇಲ್ಲ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮರುವರ್ಷವೇ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟಿದ್ದ ಜಿನ್ಸೆಂಗ್ ಬೇರಿನ ಮಾತ್ರೆಯಲ್ಲಿ ಕಲಬೆರಕೆಯಿತ್ತು ಎಂಬುದು ವಿಚಾರಣೆಯಲ್ಲಿ ಹೊರಬಂದರೂ ಎರಡು ವರ್ಷದ ನಿಷೇಧ ತಪ್ಪಲಿಲ್ಲ.

ಮಕ್ಕಳಿಗಾಗಿ ಚುಚ್ಚಿಸಿಕೊಂಡು...

ಎಲ್ಲಕ್ಕಿಂತ ಕಡಿಮೆ ಮಂದಿಗೆ ಗೊತ್ತಿರುವ, ಎಲ್ಲಕ್ಕಿಂತ ದುಬಾರಿಯಾದ ಹಾನಿ ಬೇರೆಯೇ ಇದೆ. ಮದುವೆಯಾಗಿ ಮೂರು ವರ್ಷ ಕಳೆದರೂ ಮಡಿಲು ತುಂಬದಿದ್ದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬೆರಳು ತೋರಿಸುವುದು ಸೊಸೆಯ ಕಡೆ. ಅವಳ ಹರಕೆ, ಅವಳ ಪರೀಕ್ಷೆ ಎಲ್ಲ ಮುಗಿದ ಮೇಲೆ ಎಂದೋ ಒಂದು ದಿನ ಗಂಡನ ಸರದಿ. ‘ಗಂಡಸುತನದ ಹಾರ್ಮೋನು ಕೊಟ್ಟರೆ ವೀರ್ಯ ಬಲವಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಅವನು ನಂಬುತ್ತಾನೆ. ಕೇಳಲು ಅದು ಸರಿಯಾಗಿಯೇ ಇದೆ. ನಡೆಯುವುದು ಮಾತ್ರ ತದ್ವಿರುದ್ಧ.

ವೃಷಣಕ್ಕೆ ಕೆಲಸ ಮಾಡು ಎಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಇಬ್ಬರು ದೂತರ ಮೂಲಕ ಹೇಳಿಕಳುಹಿಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಎಷ್ಟಿದೆಯೆಂದು ಅದು ಸದಾ ನೋಡುತ್ತಲೇ ಇರುತ್ತದೆ. ನಾಲೆಯಲ್ಲಿ ನೀರು ತುಂಬಿ ಹರಿಯುವಾಗ ಯಾವ ರೈತನೂ ಬಾವಿಯ ಪಂಪು ಹಾಕುವುದಿಲ್ಲವಷ್ಟೆ? ಸೂಜಿಯಿಂದ ಹಾರ್ಮೋನು ತುಂಬಿ ಬಂದಾಗ ಪಿಟ್ಯುಟರಿಯೂ ಹಾಗೆಯೇ ದೂತರನ್ನು ನಿಲ್ಲಿಸಿಬಿಡುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರೋನ್ ಬೇಕು. ಅದನ್ನು ಹೊರಗಿನ ಸೂಜಿ ಒದಗಿಸಲಾರದು. ವೃಷಣ ಮೆತ್ತಗಾಗಿ ಸಣ್ಣದಾಗುತ್ತದೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ, ಹಲವರಲ್ಲಿ ಸೊನ್ನೆಯಾಗುತ್ತದೆ. ಮೀಸೆ ತಿರುವುವ ಹುರುಪು ಬಂದಿರುತ್ತದೆ, ಬಿತ್ತನೆಯ ಬೀಜ ಮಾತ್ರ ಇರುವುದಿಲ್ಲ.

ಇದು ಅಡ್ಡಪರಿಣಾಮದ ಪಟ್ಟಿಯ ಮೂಲೆಯಲ್ಲಿರುವ ಅಪರೂಪದ ಸಂಗತಿಯಲ್ಲ. ಈ ಗುಣವನ್ನೇ ನಂಬಿ ವಿಶ್ವ ಆರೋಗ್ಯ ಸಂಸ್ಥೆ ಏಳು ದೇಶಗಳಲ್ಲಿ ಗಂಡಸರಿಗೆ ಸಂತಾನ ನಿಯಂತ್ರಣದ ಸೂಜಿಯಾಗಿ ಟೆಸ್ಟೋಸ್ಟೆರೋನನ್ನು ಪ್ರಯೋಗಿಸಿ 1990ರಲ್ಲಿ ವರದಿ ಮಾಡಿತ್ತು. ವಾರಕ್ಕೆ 200 ಮಿಲಿಗ್ರಾಂ. ವೀರ್ಯಾಣು ಸೊನ್ನೆಗಿಳಿದ 157 ಮಂದಿ ಮತ್ತಾವ ಮುನ್ನೆಚ್ಚರಿಕೆಯೂ ಇಲ್ಲದೆ ಒಂದು ವರ್ಷದವರೆಗೆ ಸಂಸಾರ ನಡೆಸಿದಾಗ ಆದ ಗರ್ಭಧಾರಣೆ ಒಂದೇ ಒಂದು. ಕುಟುಂಬ ಯೋಜನೆಗೆಂದು ಪರೀಕ್ಷಿಸಿದ ಔಷಧಿಯನ್ನೇ ಮಕ್ಕಳಾಗಲೆಂದು ಚುಚ್ಚಿಸಿಕೊಳ್ಳುವುದಕ್ಕಿಂತ ಕ್ರೂರ ವ್ಯಂಗ್ಯ ಬೇರೆ ಬೇಕೆ? ಆ ಅವಧಿಯಲ್ಲೂ ಊರು ದೂರುವುದು ಹೆಂಡತಿಯನ್ನೇ.

ಸಮಾಧಾನವೆಂದರೆ ಇದು ಸಾಮಾನ್ಯವಾಗಿ ಶಾಶ್ವತವಲ್ಲ. ಸೂಜಿ ನಿಲ್ಲಿಸಿದರೆ ಬಹುಮಂದಿಯಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣು ಮರಳುತ್ತದೆ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ವರ್ಷಗಟ್ಟಲೆ ಭಾರಿ ಪ್ರಮಾಣದಲ್ಲಿ ಚುಚ್ಚಿಸಿಕೊಂಡವರಿಗೆ, ಮೊದಲೇ ಎಣಿಕೆ ಕಡಿಮೆಯಿದ್ದವರಿಗೆ ಇಷ್ಟು ಭರವಸೆ ಕೊಡಲಾಗದು. ಹಾರ್ಮೋನು ನಿಜಕ್ಕೂ ಕಡಿಮೆಯಿದ್ದು ಮಕ್ಕಳೂ ಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಎಚ್‌ಸಿಜಿ ಎಂಬ ಸೂಜಿ ವೃಷಣವನ್ನೇ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಕ್ಲೊಮಿಫೀನ್ ಮಾತ್ರೆ ಪಿಟ್ಯುಟರಿಗೆ ಕೊರತೆಯ ಸುಳಿವು ಕೊಟ್ಟು ದೂತರನ್ನು ಹೊರಡಿಸುತ್ತದೆ. ಕಾಲ್ಮನ್ ಸ್ಥಿತಿಯವರಲ್ಲೂ ಎಚ್‌ಸಿಜಿಯ ಜೊತೆ ಎಫ್‌ಎಸ್‌ಎಚ್ ಕೊಟ್ಟು ತಂದೆಯಾಗುವ ಅವಕಾಶ ತೆರೆಯಬಹುದು. ಇವನ್ನು ಅಂತಃಸ್ರಾವ ತಜ್ಞರೋ ಮೂತ್ರಾಂಗ ತಜ್ಞರೋ ನೋಡಿ ಕೊಡಬೇಕು. ಗಂಡ ಸೂಜಿಗೆ ತೋಳೊಡ್ಡುವ ಮೊದಲು ವೈದ್ಯರಿಗೆ ಕೇಳಬೇಕಾದ ಮಾತು, ‘ನಮಗೆ ಮಕ್ಕಳು ಬೇಕು, ಇದು ಅಡ್ಡಿಯಾಗುತ್ತದೆಯೇ?’ ಎಂಬುದು. ಅವನಿಗೆ ಸಂಕೋಚವಾದರೆ ಹೆಂಡತಿಯೇ ಕೇಳಬಹುದು. ಎಚ್‌ಸಿಜಿ ದಾರಿ ಹಿಡಿದರೂ ಫಲ ಮರುದಿನವೇ ಕಾಣುವುದಿಲ್ಲ. ಒಂದು ವೀರ್ಯಾಣು ಹುಟ್ಟಿ ಬಲಿಯಲು 70 ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ ವೀರ್ಯದ ಮರುಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸುತ್ತಾರೆ.